ಮಿನುಗುವ ವಿಡಿಯೊ, ಕೆರಳುವ ಮಿದುಳು

ವಿಡಿಯೊ ಎಂದರೆ ಈಗ ಸುಮ್ಮನೆ ಕುಳಿತು ನೋಡುವ ವಸ್ತುವಲ್ಲ. ಫೋನನ್ನು ಅತ್ತಿತ್ತ ತಿರುಗಿಸಿದರೆ ದೃಶ್ಯವೂ ತಿರುಗುವ 360 ಡಿಗ್ರಿ ವಿಡಿಯೊಗಳನ್ನು ಯೂಟ್ಯೂಬ್ 2015ರಲ್ಲೇ ತಂದಿತು. ಕಥೆ ಎತ್ತ ಹೊರಳಬೇಕೆಂದು ನೋಡುಗರೇ ಆರಿಸುವ ಚಿತ್ರಗಳಿವೆ. ಹಾಡಿನ ತಾಳಕ್ಕೆ ಬಣ್ಣದ ಬೆಳಕು ಚಿಮ್ಮಿಸುವ ವಿಡಿಯೊಗಳಂತೂ ಮಕ್ಕಳಿಗೆ ಬಲು ಇಷ್ಟ. ಇವನ್ನು ನೋಡಲೇಬಾರದೆಂದು ನಾನು ಹೇಳುವುದಿಲ್ಲ. ಹೇಳಿದರೂ ಕೇಳುವವರು ಯಾರು?

360 ಡಿಗ್ರಿ ವಿಡಿಯೊ ನೋಡಿ ಕೆಲವರಿಗೆ ತಲೆಸುತ್ತು, ವಾಕರಿಕೆ ಬರುವುದುಂಟು. ದೇಹ ಚಲಿಸುತ್ತಿದೆ ಎಂದು ಕಣ್ಣು ಹೇಳುತ್ತದೆ, ಇಲ್ಲವೆಂದು ಒಳಕಿವಿ ಹೇಳುತ್ತದೆ. ನೋಡುವುದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎಚ್ಚರ ಬೇಕಾದದ್ದು ಮಿನುಗುವ ಬೆಳಕಿನ ಬಗ್ಗೆ. 1997ರ ಡಿಸೆಂಬರ್ 16ರ ಸಂಜೆ ಜಪಾನಿನ ಟಿ.ವಿ.ಯಲ್ಲಿ 'ಪೋಕೆಮಾನ್' ಕಾರ್ಟೂನ್ ಬರುತ್ತಿತ್ತು. ಒಂದು ದೃಶ್ಯದಲ್ಲಿ ಕೆಂಪು, ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದವು, ಅದೂ ಕೆಲವೇ ಸೆಕೆಂಡುಗಳ ಕಾಲ. ಅಂದು ಸುಮಾರು 685 ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಹೆಚ್ಚಿನವರು ಮಕ್ಕಳು. ಫಿಟ್ಸ್ ಬಂದವರಲ್ಲಿ ಹಲವರಿಗೆ ಹಿಂದೆಂದೂ ಅದು ಬಂದಿರಲಿಲ್ಲ. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ಏಕೆ ಹೀಗೆ? ಕೆಲವರ ಮಿದುಳಿನ ನರಕೋಶಗಳು ಮಿನುಗುವ ಬೆಳಕಿಗೆ ಅತಿಯಾಗಿ ಕೆರಳಿ ಒಟ್ಟೊಟ್ಟಿಗೆ ವಿದ್ಯುತ್ ಹೊಮ್ಮಿಸುತ್ತವೆ. ಅಪಸ್ಮಾರ ಇರುವವರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ತೊಂದರೆ ಉಂಟು. ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ ಹೆಚ್ಚು. ಗಾಢ ಕೆಂಪು ಬಣ್ಣ ಇನ್ನೂ ಕೆಟ್ಟದ್ದು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಿಸಬಾರದೆಂದು ಅಂತರಜಾಲದ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಮನೆಯಲ್ಲೇ ವಿಡಿಯೊ ತಯಾರಿಸಿ ಹಾಕುವವರು ಅದನ್ನು ಓದಿರುತ್ತಾರೆಯೆ?

ಮಗು ಕತ್ತಲ ಕೋಣೆಯಲ್ಲಿ, ಮುಸುಕಿನೊಳಗೆ, ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡದಿರಲಿ. ದೀಪ ಹಾಕಿ, ದೂರದಿಂದ ನೋಡಲಿ. ನಿದ್ದೆಗೆಟ್ಟಾಗ ಅಪಾಯ ಹೆಚ್ಚು. ಥಟ್ಟನೆ ಬೆಳಕು ಮಿನುಗತೊಡಗಿದರೆ ಕಣ್ಣು ಮುಚ್ಚಿಕೊಂಡರಷ್ಟೇ ಸಾಲದು, ರೆಪ್ಪೆಯ ಮೂಲಕವೂ ಬೆಳಕು ಹಾಯುತ್ತದೆ. ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಮುಖ ಆಚೆ ತಿರುಗಿಸಬೇಕು. ಇದನ್ನು ಮಕ್ಕಳಿಗೆ ಕಲಿಸಿಡಿ.

ಫಿಟ್ಸ್ ಬಂದೇಬಿಟ್ಟರೆ? ದಯವಿಟ್ಟು ಕೈಗೆ ಕಬ್ಬಿಣದ ಬೀಗದ ಕೈ ಕೊಡಬೇಡಿ, ಈರುಳ್ಳಿ, ಚಪ್ಪಲಿ ಮೂಸಿಸಬೇಡಿ. ಬಾಯಿಗೆ ಚಮಚ ತುರುಕಬೇಡಿ, ನೀರು ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಬೀಗದ ಕೈ ಹಿಡಿಸಿದ್ದರಿಂದಲೇ ನಿಂತಿತು ಎನ್ನುವವರು ಇಂದಿಗೂ ಬಹಳ. ಬಹುಪಾಲು ಫಿಟ್ಸ್ ಎರಡು ಮೂರು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯಡಿ ಮೆತ್ತನೆಯ ಬಟ್ಟೆ ಇಟ್ಟು, ಅಲುಗಾಟ ನಿಂತೊಡನೆ ಮಗ್ಗುಲಿಗೆ ಹೊರಳಿಸಿ. ಗಡಿಯಾರ ನೋಡುತ್ತಿರಿ. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಮೊದಲ ಸಲ ಬಂದದ್ದಾದರೆ, ಬೇಗ ನಿಂತರೂ ವೈದ್ಯರಿಗೆ ತೋರಿಸಲೇಬೇಕು. ಮಗು ಆಗ ಏನು ನೋಡುತ್ತಿತ್ತೆಂಬುದನ್ನು ತಪ್ಪದೆ ತಿಳಿಸಿ. ಇ.ಇ.ಜಿ. ಪರೀಕ್ಷೆಯಲ್ಲಿ ಬೆಳಕು ಮಿನುಗಿಸಿ, ಮಿದುಳು ಅದಕ್ಕೆ ಹೇಗೆ ಸ್ಪಂದಿಸುತ್ತದೆಂದು ನೋಡುವ ವಿಧಾನವಿದೆ.