ಪ್ತುಯ್ ಕೋಟೆ: ಪ್ರಭುಗಳ ಅರಮನೆಯಲ್ಲಿ ಊರಿನ ವೇಷಗಳು

ಸ್ಲೊವೇನಿಯಾದ ಈಶಾನ್ಯಕ್ಕೆ, ದ್ರಾವಾ ನದಿಯ ದಂಡೆಯಲ್ಲಿ ಪ್ತುಯ್ ಎಂಬ ಹಳೆಯ ಊರಿದೆ. ಕೆಂಪು ಹೆಂಚಿನ ಮನೆಗಳ ನೆತ್ತಿಗೇ ಗುಡ್ಡ, ಗುಡ್ಡದ ಮೇಲೆ ಕೋಟೆ. ರೋಮನ್ನರು ಈ ಊರನ್ನು ಪೊಯೆಟೊವಿಯೊ ಎನ್ನುತ್ತಿದ್ದರು. ವೆಸ್ಪಾಸಿಯನ್‌ನನ್ನು ಗದ್ದುಗೆಗೇರಿಸಲು ಹೊರಟ ಸೇನಾನಿಗಳು ಕ್ರಿ.ಶ. 69ರಲ್ಲಿ ಸಭೆ ಸೇರಿದ್ದು ಇಲ್ಲೇ. ಈಗಿರುವ ಕೋಟೆಯ ಮೂಲ 12ನೇ ಶತಮಾನದ್ದು. ಕಟ್ಟಿಸಿದವರು ಸಾಲ್ಜ್‌ಬರ್ಗ್‌ನ ಆರ್ಚ್‌ಬಿಷಪ್‌ಗಳು.

ಕೋಟೆಯ ಕೆಳ ಅಂತಸ್ತಿನಲ್ಲೇ, ಇಲ್ಲಿದ್ದ ಪ್ತುಯ್ ಪ್ರಭುಗಳಲ್ಲಿ ಕೊನೆಯವನಾದ ಫ್ರೆಡ್ರಿಕ್‌ನ ಕೆಂಪು ಅಮೃತಶಿಲೆಯ ಗೋರಿಕಲ್ಲು ಎದುರಾಗುತ್ತದೆ. 1438ರಲ್ಲಿ ಅವನು ತೀರಿಕೊಂಡ ಮೇಲೆ ಆ ವಂಶವೇ ನಿಂತುಹೋಯಿತು. ಆಮೇಲೆ ಕೋಟೆ ಹಲವರ ಕೈ ದಾಟಿತು. 1873ರಿಂದ 1945ರವರೆಗೆ ಹೆರ್ಬರ್‌ಸ್ಟೈನ್ ಮನೆತನದವರು ಒಡೆಯರಾಗಿದ್ದರು. ಎರಡನೇ ಮಹಾಯುದ್ಧ ಮುಗಿದದ್ದೇ ಕೋಟೆ ಸರ್ಕಾರದ ವಶವಾಗಿ, ಪ್ರಾದೇಶಿಕ ಮ್ಯೂಸಿಯಂ ಆಯಿತು.

ಕತ್ತಿ, ಕವಚಗಳನ್ನು ಯುರೋಪಿನ ಯಾವ ಕೋಟೆಯಲ್ಲಾದರೂ ನೋಡಬಹುದು. ಇಲ್ಲಿ ನಿಂತು ನೋಡಬೇಕಾದದ್ದು ತುರ್ಕರ ಚಿತ್ರಗಳು. 17ನೇ ಶತಮಾನದಲ್ಲಿ ಈ ಕೋಟೆ ಕೊಂಡ ವಾಲ್ಟರ್ ಲೆಸ್ಲಿ ಸ್ಕಾಟ್ಲೆಂಡಿನವನು. ಹ್ಯಾಬ್ಸ್‌ಬರ್ಗ್ ಸೇನಾಪತಿ ವಾಲೆನ್‌ಸ್ಟೈನ್‌ನ ಕೊಲೆಸಂಚಿನಲ್ಲಿ ಇದ್ದವನು! ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ರಾಯಭಾರಿಯಾಗಿ 1665ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿದ್ದ. ಆ ಕಾಲದ್ದೇ ಆಟೊಮನ್ ಗಣ್ಯರ ಭಾವಚಿತ್ರಗಳ ಈ ಸಾಲು. ಯಾರಿಗೆ ಹೆದರಿ ಗೋಡೆ ಎತ್ತರಿಸಿದರೋ ಅವರನ್ನೇ ಗೋಡೆಗೆ ತೂಗುಹಾಕಿಕೊಳ್ಳುವ ಶ್ರೀಮಂತರ ಶೋಕಿ ಅದು.

ನನ್ನ ಮಟ್ಟಿಗೆ ಕೋಟೆಯ ಜೀವಾಳ ವೇಷಗಳ ಸಂಗ್ರಹ. ಚಳಿಗಾಲವನ್ನು ಓಡಿಸಲು ಮನೆಮನೆಗೆ ಬರುವ ಕುರೆಂಟ್‌ನ ಮೈತುಂಬ ಕುರಿಯ ತುಪ್ಪಳ, ಸೊಂಟದಲ್ಲಿ ಭಾರದ ಗಂಟೆಗಳು. ಚರ್ಮದ ಮುಖವಾಡಕ್ಕೆ ಬಿಳಿ ಹುರುಳಿಕಾಯಿ ಬೀಜಗಳ ಹಲ್ಲು. ಕೆಂಪು ನಾಲಿಗೆ ಎದೆಯವರೆಗೆ ಜೋತುಬಿದ್ದಿರುತ್ತದೆ. ಕೈಯಲ್ಲಿ ಮುಳ್ಳುಹಂದಿಯಂಥ ಪುಟ್ಟ ಪ್ರಾಣಿಯ ಮುಳ್ಳುಚರ್ಮ ಸುತ್ತಿದ ದೊಣ್ಣೆ. ಊರಿನ ಹುಡುಗಿಯರು ಕೊಟ್ಟ ಕರವಸ್ತ್ರಗಳನ್ನೂ ಅವನು ಧರಿಸುತ್ತಾನೆ. ನಮ್ಮ ಕರಾವಳಿಯ ಹುಲಿವೇಷದಂತೆ ಇದೂ ಹೊತ್ತು ಕುಣಿಯಲು ಗಟ್ಟಿ ಮೈ ಬೇಡುವ ವೇಷ. ಹಿಂದೆ ಮದುವೆಯಾಗದ ಗಂಡಸರಷ್ಟೇ ಹಾಕುತ್ತಿದ್ದರು. ಈಗ ಹೆಂಗಸರೂ ಮಕ್ಕಳೂ ಹಾಕುತ್ತಾರೆ. 2017ರಲ್ಲಿ ಕುರೆಂಟ್‌ಗಳು ಮನೆಮನೆಗೆ ಹೋಗುವ ಈ ಪದ್ಧತಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಆದರೆ ಗಾಜಿನ ಹಿಂದಿನ ಗಂಟೆಗೆ ಸದ್ದಿಲ್ಲ. ಹೋಗುವುದಿದ್ದರೆ ಫೆಬ್ರುವರಿಯಲ್ಲಿ, ಕುರೆಂಟ್‌ಗಳು ಬೀದಿಗಿಳಿಯುವ ಕುರೆಂಟೋವಾನ್ಯೆ ಉತ್ಸವದ ದಿನಗಳಲ್ಲೇ ಹೋಗಿ. ರೈಲು ಇದೆ, ನಿಲ್ದಾಣದಿಂದ ಕೋಟೆಗೆ ನಡೆದೇ ಹತ್ತಬಹುದು.