ಸ್ಪಾರ್ಕ್ ಪ್ಲಗ್ಗು ಬದಲಾಯಿಸುವಾಗ ಕಾಯಿಲು ಮತ್ತು ತಂತಿಗಳ ವಿಚಾರ

ಫಸಲು ಸಾಗಿಸಲು ಪೆಟ್ರೋಲಿನಿಂದಲೋ ಸಿ.ಎನ್.ಜಿ. ಅನಿಲದಿಂದಲೋ ನಡೆಯುವ ಚಿಕ್ಕ ಲಾರಿಗಳನ್ನು ಇಟ್ಟಿರುವ ಗ್ರಾಮದ ಯಜಮಾನರೂ ಭೂಮಾಲೀಕರೂ ಇದನ್ನು ಗಮನಿಸತಕ್ಕದ್ದು. ಡೀಸೆಲ್ ಲಾರಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲವಾದುದರಿಂದ ಅದರ ಮಾತು ಇಲ್ಲಿಲ್ಲ.

ಕಾಯಿಲು ಬ್ಯಾಟರಿಯ 12 ವೋಲ್ಟನ್ನು 20,000ಕ್ಕೂ ಮೇಲೇರಿಸಿ ಪ್ಲಗ್ಗಿಗೆ ಕಳುಹಿಸುವುದು. ಪ್ಲಗ್ಗಿನ ತುದಿ ಸವೆದು ಸಂದು ಹಿಗ್ಗಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟು ಬೇಕಾಗಿ, ಆ ಭಾರವು ಕಾಯಿಲಿನ ಮೇಲೂ ತಂತಿಯ ಹೊದಿಕೆಯ ಮೇಲೂ ಬೀಳುವುದು. ಅನಿಲದ ಇಂಜಿನಿನಲ್ಲಿ ಇದು ಇನ್ನೂ ಅಧಿಕ. ಆದಕಾರಣ ಪ್ಲಗ್ಗನ್ನು ಕಾಲಕ್ಕೆ ಸರಿಯಾಗಿ ಬದಲಾಯಿಸುವುದೇ ಕಾಯಿಲನ್ನು ಉಳಿಸುವ ಮೊದಲ ಉಪಾಯವು.

ತಂತಿಗಳಾದರೋ ಬಿಸಿಗೆ ಒಣಗಿ ಬಿರಿಯುವುವು. ಕತ್ತಲಲ್ಲಿ ಇಂಜಿನು ನಡೆಯುತ್ತಿರುವಾಗ, ಕೈ ತಾಗಿಸದೆ ನೋಡಿದರೆ, ಕೆಟ್ಟ ತಂತಿಯ ಮೇಲೆ ನೀಲಿ ಕಿಡಿ ಕಾಣುವುದುಂಟು. ಒಂದು ಬಿರಿದಿದ್ದರೂ ಇಡೀ ಸೆಟ್ಟನ್ನು ಬದಲಾಯಿಸುವುದು ಲೇಸು; ಉಳಿದವುಗಳಿಗೂ ಅಷ್ಟೇ ವಯಸ್ಸಾಗಿರುವುದಷ್ಟೆ. ಕಾಯಿಲಿನ ಮಾತು ಬೇರೆ. ಅದರ ಬೆಲೆ ಹೆಚ್ಚು; ಪರೀಕ್ಷಿಸದೆ ಎಲ್ಲವನ್ನೂ ಕಿತ್ತುಹಾಕೆನ್ನುವ ಮೆಕ್ಯಾನಿಕ್ಕನ ಸಲಹೆಯನ್ನು ಒಪ್ಪಬೇಕಾದುದಿಲ್ಲ. ಪ್ಲಗ್ಗಿಗೊಂದರಂತೆ ಕಾಯಿಲಿರುವ ಇಂಜಿನಿನಲ್ಲಿ, ಮಿಸ್ ಹೊಡೆಯುವ ಸಿಲಿಂಡರಿನ ಕಾಯಿಲನ್ನೂ ಪಕ್ಕದ್ದರ ಕಾಯಿಲನ್ನೂ ಅದಲುಬದಲು ಮಾಡತಕ್ಕದ್ದು. ದೋಷವೂ ಕಾಯಿಲಿನೊಡನೆ ಸರಿದರೆ ಅದೊಂದನ್ನೇ ಬದಲಾಯಿಸಿದರೆ ಸಾಕು. ಆದರೆ ತಡಮಾಡಲಾಗದು, ಉರಿಯದ ಇಂಧನವು ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟು ಹಾಳುಮಾಡಿದರೆ ಕಾಯಿಲಿಗಿಂತ ಬಹು ದೊಡ್ಡ ವೆಚ್ಚ ಬರುವುದು.

ಇಂಜಿನು ತಣ್ಣಗಾದ ಮೇಲೆ, ಬ್ಯಾಟರಿಯ ಸಂಪರ್ಕ ತೆಗೆದು ಕೆಲಸಕ್ಕೆ ಕೈಹಾಕತಕ್ಕದ್ದು. ತಂತಿಯನ್ನು ಜಗ್ಗದೆ ರಬ್ಬರ್ ಕ್ಯಾಪನ್ನು ಹಿಡಿದು, ಒಂದನ್ನು ಜೋಡಿಸಿದ ಮೇಲೆಯೇ ಮತ್ತೊಂದನ್ನು ಕಳಚಬೇಕು. ಸ್ಥಾನ ತಪ್ಪಿದರೆ ಇಂಜಿನು ಸರಿಯಾಗಿ ನಡೆಯದು. ಹೊಸ ಪ್ಲಗ್ಗನ್ನು ಮೊದಲು ಸ್ಪ್ಯಾನರಿಲ್ಲದೆ ಕೈಯಿಂದಲೇ ತಿರುಗಿಸತಕ್ಕದ್ದು.