ಕಡಲು ಬಿಟ್ಟ ನೆಲ, ಘಟ್ಟವಿಳಿದ ದೈವ: ತುಳುನಾಡಿನ ಮೂಲಕಥನಗಳು

ನಾಡೊಂದರ ಹುಟ್ಟನ್ನು ಕುರಿತ ಕಥೆಯು ಆ ನೆಲ ಯಾರದೆಂಬ ಪ್ರಶ್ನೆಗೆ ಒಂದು ಸಮುದಾಯ ಕಂಡುಕೊಂಡ ಉತ್ತರವೂ ಆಗಿರುತ್ತದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನೂ 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡನ್ನೂ ಒಳಗೊಂಡ ತುಳುನಾಡನ್ನು ‘ಪರಶುರಾಮ ಸೃಷ್ಟಿ’ಯೆಂದು ಕರೆಯುವ ರೂಢಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕಾಗಿದೆ.

ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನವಿತ್ತ ಪರಶುರಾಮನಿಗೆ ತಾನು ನಿಲ್ಲಲು ನೆಲವಿಲ್ಲವಾಯಿತು. ಸಹ್ಯಾದ್ರಿಯ ಮೇಲಿಂದ ಅವನು ಕೊಡಲಿಯನ್ನೆಸೆಯಲು ಕಡಲು ಹಿಂದೆ ಸರಿದು ಕರಾವಳಿ ಮೈದೋರಿತು. ಸ್ಕಾಂದಪುರಾಣದ ಭಾಗವೆನ್ನಲಾಗುವ, 1877ರಲ್ಲಿ ಮುಂಬಯಿಯಲ್ಲಿ ಗೆರ್ಸನ್ ಡ ಕುನ್ಹ ಅವರ ಸಂಪಾದಕತ್ವದಲ್ಲಿ ಮುದ್ರಿತವಾದ ‘ಸಹ್ಯಾದ್ರಿಖಂಡ’ದಲ್ಲಿ ಈ ಕಥೆ ವಿಸ್ತಾರವಾಗಿದೆ. ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು 32 ಗ್ರಾಮಗಳಲ್ಲಿ ನೆಲೆಗೊಳಿಸಿದನೆಂದು ‘ಗ್ರಾಮಪದ್ಧತಿ’ ಹೇಳುತ್ತದೆ.

ಇದೇ ಪರಶುರಾಮನು ಬಯಲುಸೀಮೆಯಲ್ಲಿ ಬೇರೊಂದು ರೂಪದಲ್ಲಿ ಕಾಣುತ್ತಾನೆ. ಜಮಖಂಡಿ, ಬನಹಟ್ಟಿ, ಮುಧೋಳ ಸೀಮೆಯ ಭಕ್ತರು ನಡೆದುಕೊಳ್ಳುವ ಸವದತ್ತಿಯ ಎಲ್ಲಮ್ಮನ ಕಥೆಯಲ್ಲಿ ಅವನು ತಂದೆಯ ಮಾತಿಗೆ ತಾಯಿಯ ತಲೆ ಕಡಿದು, ವರ ಬೇಡಿ ಅವಳನ್ನು ಬದುಕಿಸಿಕೊಂಡ ಮಗ. ಚೌಡಿಕೆಯ ಹಾಡುಗಳ ಕೇಂದ್ರ ತಾಯಿಯೇ ಹೊರತು ಕೊಡಲಿಯಲ್ಲ. ಕರಾವಳಿಯ ಪುರಾಣದಲ್ಲಿ ತಾಯಿ ಮರೆಯಾಗಿ ಭೂದಾನವು ಮುನ್ನೆಲೆಗೆ ಬರುತ್ತದೆ. ಒಬ್ಬನೇ ನಾಯಕನ ಕಥೆಯು ಎರಡು ನೆಲಗಳಲ್ಲಿ ಎರಡು ಅಗತ್ಯಗಳನ್ನು ಪೂರೈಸಿದೆ.

ಪುರಾಣದೊಳಗೇ ಒಂದು ಬಿರುಕು ಉಂಟು. ಹೊಸ ನೆಲದಲ್ಲಿ ಬ್ರಾಹ್ಮಣರಿಲ್ಲದ್ದರಿಂದ ಪರಶುರಾಮನು ಬೆಸ್ತರ ಬಲೆಯನ್ನು ಹರಿದು, ಆ ನೂಲನ್ನೇ ಜನಿವಾರವಾಗಿಸಿ ಅವರನ್ನು ಬ್ರಾಹ್ಮಣರನ್ನಾಗಿ ಮಾಡಿದನೆಂಬ ಪ್ರಸಂಗವು ಸಹ್ಯಾದ್ರಿಖಂಡದಲ್ಲಿದೆ. ಅಂದರೆ ‘ಹೊಸ’ ನೆಲದ ದಂಡೆಯಲ್ಲಿ ಮೀನುಗಾರರು ಮೊದಲೇ ಇದ್ದರು!

ತುಳುವಿನ ಪಾಡ್ದನಗಳು ನೀಡುವ ಚಿತ್ರ ಇದಕ್ಕೆ ಭಿನ್ನವಾದುದು. ಇಲ್ಲಿ ನೆಲವು ಕಡಲಿನಿಂದ ಏಳುವುದಿಲ್ಲ. ಅನೇಕ ದೈವಗಳು ಘಟ್ಟವಿಳಿದು ಬಂದು, ಈಗಾಗಲೇ ಉತ್ತು ಬಿತ್ತುತ್ತಿರುವ ಜನರ ನಡುವೆ ಸ್ಥಾನ ಕೇಳುತ್ತವೆ. ನೇಜಿ ನೆಡುವ ಹೆಂಗಸರ ಕಂಠದಲ್ಲಿ ಉಳಿದ ಸಿರಿಯ ಕಥೆಯಲ್ಲಿ ಗಂಡನ ಅನ್ಯಾಯವನ್ನು ಸಹಿಸದೆ ಮನೆ ತೊರೆದು ಹೊರಡುವ ಹೆಣ್ಣಿದ್ದಾಳೆ. ಗೋಪಾಲ ನಾಯ್ಕರು ಹಾಡಿದ, 15,683 ಸಾಲುಗಳ ಸಿರಿ ಕಾವ್ಯವನ್ನು ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದವರೊಡನೆ 1998ರಲ್ಲಿ ಪ್ರಕಟಿಸಿದರು. ಮಕರಮಾಸದ ಕೊನೆಯಲ್ಲಿ ಬರುವ ‘ಕೆಡ್ಡಸ’ದಲ್ಲಿ ಭೂಮಿಯು ಋತುಮತಿಯಾಗುತ್ತಾಳೆಂದು ನಂಬಿ ನೆಲವನ್ನು ಅಗೆಯುವುದಿಲ್ಲ, ಹೆಂಗಸರು ಅವಳಿಗೆ ಎಣ್ಣೆಯೆರೆಯುತ್ತಾರೆ. ಪುರಾಣದಲ್ಲಿ ಆಯುಧದಿಂದ ಪಡೆದ ಭೂಮಿಯು ಆಚರಣೆಯಲ್ಲಿ ವಿಶ್ರಾಂತಿ ಬೇಕಾದ ಹೆಣ್ಣು.

ಹುಬಾಶಿಕನೆಂಬ ಅರಸ ತಮ್ಮವನಾಗಿದ್ದನೆಂಬ ಐತಿಹ್ಯ ಕೊರಗ ಸಮುದಾಯದೊಂದಿಗೆ ತಳಕು ಹಾಕಿಕೊಂಡಿದೆ. ಅದನ್ನು ರಾಜಕೀಯ ಇತಿಹಾಸವೆಂದು ಸ್ವೀಕರಿಸಲು ಸಾಕಷ್ಟು ಆಧಾರ ಬೇಕು. ಆದರೆ ನೆಲ ಕಳೆದುಕೊಂಡವರ ನೆನಪಾಗಿ ಅದು ಅಲಕ್ಷ್ಯಕ್ಕೆ ಅರ್ಹವಲ್ಲ. ಈ ಸಮುದಾಯವನ್ನು ಅವಮಾನಕ್ಕೀಡುಮಾಡುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದ ಕಾಯಿದೆಯೇ ಬೇಕಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಶಾಸನಗಳ ಸಾಕ್ಷ್ಯವೂ ಗಮನಾರ್ಹ. ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ಕಂಚಿಯ ಪ್ರಯಾಣವನ್ನೂ ಪಲ್ಲವರೊಡನೆ ಉಂಟಾದ ಕಲಹವನ್ನೂ ಹೇಳುತ್ತದೆ. ಅಹಿಚ್ಛತ್ರದ ವಲಸೆಯ ಮಾತು ಅಲ್ಲಿಲ್ಲ. ಕರಾವಳಿಯನ್ನಾಳಿದ ಆಳುಪರ ಹೆಸರು 5ನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿಯೇ ದೊರೆಯುತ್ತದೆ.

ಆದ್ದರಿಂದ ಪರಶುರಾಮನ ಕಥೆಯನ್ನು ಸುಳ್ಳೆಂದು ತಳ್ಳುವುದಾಗಲಿ, ನಾಡಿನ ಏಕೈಕ ಮೂಲವೆಂದು ಒಪ್ಪುವುದಾಗಲಿ ಸರಿಯಲ್ಲ. ಅದು ದಾನ ಪಡೆದವರ ಕಥನ. ಪಾಡ್ದನವು ದುಡಿದವರ ಕಥನ. ಬರಹದಲ್ಲಿ ಉಳಿದದ್ದು ಮೊದಲನೆಯದು. ಎರಡನೆಯದರ ಗದ್ದೆಗಳು ಕಡಿಮೆಯಾದಂತೆ ಹಾಡುವ ಸಂದರ್ಭಗಳೂ ಕಡಿಮೆಯಾಗುತ್ತಿವೆ. ಇವೆರಡನ್ನೂ ಒಟ್ಟಿಗಿಟ್ಟು ಓದಿದಾಗ ಮಾತ್ರ ತುಳುನಾಡಿನ ಪರಂಪರೆಯ ಪೂರ್ಣಚಿತ್ರ ದೊರೆಯುತ್ತದೆ.